ತಂಪು ಅಂದರೆ ತಾತ್ಸಾರವೇ?



ನನ್ನ ಪ್ರೆಸ್ಸಿಗೆ ಅಚ್ಚಿಗೆ ಬರುವ ಕರಪತ್ರಗಳಲ್ಲಿ ಒಂದು ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತಿದೆ: ‘ನಮ್ಮ ಮನವಿಗೆ ಅಧಿಕಾರಿಗಳಿಂದ ತಣ್ಣನೆಯ ಪ್ರತಿಕ್ರಿಯೆ’. ಬರೆದವರು ಬೇರೆ ಯಾರೂ ಅಲ್ಲ, ನಮ್ಮ ಹೋರಾಟದ ಹುಡುಗರೇ! ಇಂಗ್ಲಿಷಿನ ‘ಕೋಲ್ಡ್’ಗೆ ಕನ್ನಡದ ಅಂಗಿ ತೊಡಿಸಿದ್ದಾರೆ.

ಸ್ವಲ್ಪ ವಿಚಾರ ಮಾಡಿ. ಇಂಗ್ಲೆಂಡ್ ಚಳಿಯ ದೇಶ. ಅಲ್ಲಿಯವರಿಗೆ ಬೆಚ್ಚಗಿದ್ದರೆ ಪ್ರೀತಿ, ತಣ್ಣಗಿದ್ದರೆ ತಾತ್ಸಾರ. ನಮ್ಮ ಕಲಬುರಗಿ? ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು! ಮನೆಗೆ ಬಂದವರಿಗೆ ಮೊದಲು ಕೊಡುವುದೇ ತಣ್ಣೀರು. ಹಿರಿಯರು ಹರಸುವುದು ‘ನಿನ್ನ ಹೊಟ್ಟಿ ತಣ್ಣಗಿರಲಿ’ ಎಂದು. ‘ತಣ್’ ಎಂಬ ಬೇರಿನಿಂದಲೇ ತಣ್ಣೀರು, ತಂಗಾಳಿ, ತಂಪು ಬಂದವು. ಅದೇ ಬೇರಿನ ‘ತಣಿ’ ಎಂದರೆ ತೃಪ್ತಿಪಡು. ಕಣ್ಣು ತಣಿಯಿತು, ಮನ ತಣಿಯಿತು ಎನ್ನುತ್ತೇವೆ. ಇಂಥ ಪದವನ್ನು ಕಲ್ಲುಮನಸ್ಸಿನ ಅಧಿಕಾರಿಗೆ ಕೊಡುವುದೇ?

‘ಚಳವಳಿ ತಣ್ಣಗಾಯಿತು’ ಅನ್ನುತ್ತೇವಲ್ಲ ಎಂದು ನೀವು ಕೇಳಬಹುದು. ಅದು ಒಲೆಯ ಮಾತು. ಕಾವು ಆರಿತು ಎಂದಷ್ಟೇ ಅರ್ಥ.

ಹಾಗಾದರೆ ‘ಥಂಡಿ’ ಯಾರದು? ಹುಮನಾಬಾದ್ ದಾರಿಯಲ್ಲಿರುವ ನಮ್ಮ ಕಮಲಾಪುರದ ಕೆಂಬಾಳೆ ಜಿಐ ಮನ್ನಣೆ ಪಡೆದ ಹಣ್ಣು. ನೆಗಡಿ ಹತ್ತಿದ ಕೂಸಿಗೆ ಅದನ್ನು ಕೊಡಲು ಹೋಗಿ ನೋಡಿ, ‘ಬ್ಯಾಡ, ಥಂಡಿ ಆಗ್ತದ’ ಎಂದು ಅಜ್ಜಿ ಕೈ ಹಿಡಿಯುತ್ತಾಳೆ. ಹಿಂದಿ, ಮರಾಠಿ, ದಖ್ಖನಿಗಳಲ್ಲಿರುವ ಮಾತು ಇದು. 1948ರವರೆಗೆ ನಿಜಾಮರ ಉರ್ದು ಆಡಳಿತ ಕಂಡ ನೆಲ ನಮ್ಮದು. ನೆರೆಯವರ ಪದ ನಮ್ಮ ಮನೆಗೆ ಬಂದು ‘ಥಂಡಿ ಭಾಳ ಅದ’ ಎಂದು ಕನ್ನಡವಾಗಿ ಕೂತಿತು. ಇದ್ದ ಚಳಿಯನ್ನೂ ಕೆಡಿಸಲಿಲ್ಲ, ತಂಪನ್ನೂ ಕೆಡಿಸಲಿಲ್ಲ. ಅದರ ಮೇಲೆ ನನಗೆ ಸಿಟ್ಟಿಲ್ಲ. (ಬೆಂಗಳೂರಿನವರು ಕೇಳಿ ನಕ್ಕರೆ ನಗಲಿ.)

ಇನ್ನು ಚಳಿ. ಮನಸ್ಸಿಗೆ ಹಿಡಿಯುವ ಚಳಿಗೆ ಕನ್ನಡದಲ್ಲಿ ಅಳುಕು ಎಂಬ ಅರ್ಥವಿದೆ. ‘ಮೈಚಳಿ ಬಿಟ್ಟು ಮಾತಾಡು’ ಎನ್ನುವುದಿಲ್ಲವೇ? ಬ್ಯಾಂಕಿನ ಕೌಂಟರಿನಲ್ಲಿ ಹಿಂದಿ ಕೇಳಿದ ಕೂಡಲೇ ನಾಲಿಗೆ ಹೊರಳಿಸುವ ತಮ್ಮಂದಿರೇ, ನಿಮ್ಮನ್ನು ಹಿಡಿದಿರುವುದು ಇದೇ ಚಳಿ! ಬಿಡಿ ಅದನ್ನು. ಕನ್ನಡದಲ್ಲೇ ಕೇಳಿ, ಉತ್ತರ ಬರುವ ತನಕ ನಿಲ್ಲಿ.

ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಬಹಳ ಒಳ್ಳೆಯದು. ಆದರೆ ‘ಕೂಲ್ ಡ್ರಿಂಕ್ಸ್’ ಎಂದು ಕನ್ನಡ ಅಕ್ಷರದಲ್ಲಿ ಬರೆಸಿದರೂ ಅಳತೆ ಸರಿಹೋಗುತ್ತದೆ! ‘ತಂಪು ಪಾನೀಯ’ ಹಾಕೋಣ ಎಂದರೆ ‘ಗಿರಾಕಿಗೆ ತಿಳಿಯಂಗಿಲ್ರೀ’ ಎನ್ನುವ ಅಂಗಡಿಯವರಿದ್ದಾರೆ. ಮೇ ತಿಂಗಳ ಬಿಸಿಲಲ್ಲಿ ಬೆಂದು ಬಂದವನಿಗೆ ತಂಪು ತಿಳಿಯುವುದಿಲ್ಲವೇ?

ಮುಂದಿನ ಸಲ ಕರಪತ್ರ ತರುವಾಗ ‘ಅಧಿಕಾರಿಗಳು ನಮ್ಮ ಮನವಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ’ ಎಂದು ಬರೆದು ತನ್ನಿ. ತಾತ್ಸಾರ ಮಾಡಿದರು ಎನ್ನಿ, ಮುಖ ತಿರುಗಿಸಿದರು ಎನ್ನಿ. ದಪ್ಪ ಅಕ್ಷರದಲ್ಲೇ ಅಚ್ಚು ಹಾಕಿಕೊಡುತ್ತೇನೆ.