ರೇಖಾಗಣಿತವೂ ಮುಂದಣ ಉಪಾಧ್ಯಾಯಿನಿಯರೂ



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೆಳಗಿನ ಹೊತ್ತು ನಡೆದವರಿಗೆ ಒಂದು ನೋಟವು ಕಣ್ಣಿಗೆ ಬೀಳದೆ ಇರದು. ಸಾರಿಸಿದ ಅಂಗಳದಲ್ಲಿ ಹೆಣ್ಣುಮಕ್ಕಳು ಚುಕ್ಕಿಗಳನ್ನಿಟ್ಟು, ಅಳತೆಗೋಲಿಲ್ಲದೆಯೇ ಸಮಬಾಹುಗಳುಳ್ಳ ಆಕೃತಿಗಳನ್ನು ಎಳೆಯುವರು. ಅಂಥವಳೇ ಉಪಾಧ್ಯಾಯ ಶಿಕ್ಷಣಕ್ಕೆ ಸೇರಿದ ಮೇಲೆ, ರೇಖಾಗಣಿತವು ಗಂಡುಮಕ್ಕಳ ತಲೆಗೆ ಹತ್ತುವ ವಿದ್ಯೆಯೆಂಬ ಮಾತನ್ನು ಕೇಳುವಳು. ಕೆಲವು ವೇಳೆ ತಾನೇ ಆಡುವಳು.

ಹಾಲೆಂಡಿನ ಉಪಾಧ್ಯಾಯ ದಂಪತಿಗಳಾದ ಪಿಯರ್ ವಾನ್ ಹೀಲೆ ಮತ್ತು ಡಿನಾ ವಾನ್ ಹೀಲೆಯವರು 1957ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧಗಳಿಂದ ಈ ವಿಚಾರಕ್ಕೆ ಬೆಳಕು ದೊರೆಯಿತು. ತರಗತಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ಪರೀಕ್ಷಿಸಿ ನೋಡಿದವರು ಡಿನಾ ಅವರು. ಆ ಸಾಧ್ವಿಯು ಅನತಿಕಾಲದಲ್ಲಿಯೇ ತೀರಿಕೊಂಡುದು ದುರ್ದೈವ. ಇವರ ಮತದಲ್ಲಿ ರೇಖಾಗಣಿತದ ತಿಳಿವಳಿಕೆಗೆ ಮೆಟ್ಟಿಲುಗಳುಂಟು. ಷಟ್‌ಸ್ಥಲವನ್ನು ಬಲ್ಲವರಿಗೆ ಈ ಮಾತು ಹೊಸತಲ್ಲ. ಚೌಕವನ್ನು ಓರೆಯಾಗಿ ತಿರುಗಿಸಿದೊಡನೆ ಅದನ್ನು ವಜ್ರವೆನ್ನುವುದು ಮೊದಲ ಮೆಟ್ಟಿಲು. ಬಾಹುಗಳೂ ಕೋನಗಳೂ ಬದಲಾಗಲಿಲ್ಲ, ಆದುದರಿಂದ ಚೌಕವೇ ಎನ್ನುವುದು ಎರಡನೆಯದು. ಪ್ರತಿಯೊಂದು ಚೌಕವೂ ಆಯತವೇ ಎಂಬುದನ್ನು ಕಾರಣಸಹಿತ ಅರಿಯುವುದು ಮೂರನೆಯದು. ಅಲ್ಲಿಂದ ಮೇಲಕ್ಕೆ ಪ್ರಮೇಯಗಳ ಸಾಧನೆ. ಏರಿಸುವುದು ವಯಸ್ಸಿಗಿಂತ ಹೆಚ್ಚಾಗಿ ಬೋಧನೆ.

ಹಾಗಾದರೆ ಸ್ತ್ರೀ ಪುರುಷ ಭೇದವೆಲ್ಲಿ? ನಾನಾ ದೇಶಗಳ ಪರೀಕ್ಷೆಗಳಲ್ಲಿ ಒಮ್ಮೆ ಗಂಡುಮಕ್ಕಳು ಮುಂದಿರುವುದೂ, ಮತ್ತೊಮ್ಮೆ ಅಂತರವೇ ಕಾಣದಿರುವುದೂ ಉಂಟು. ಹುಟ್ಟುಗುಣವಾಗಿದ್ದ ಪಕ್ಷದಲ್ಲಿ ಎಲ್ಲೆಡೆಯೂ ಒಂದೇ ಆಗಿರಬೇಡವೇ? ಪ್ರಮೇಯವನ್ನು ಬಾಯಿಪಾಠ ಒಪ್ಪಿಸುವ ಯುವಕನೂ, ಚೌಕವು ಆಯತವೇ ಎಂದು ಕೇಳಿದರೆ ತಡವರಿಸುವನು. ಆದರೆ ಅವನ ತಡವರಿಕೆಯನ್ನು ಸೋಮಾರಿತನವೆಂದೂ, ಅವಳದನ್ನು ಹೆಣ್ಣುಬುದ್ಧಿಯೆಂದೂ ಕರೆಯುವುದು ರೂಢಿಯಾಗಿದೆ. ಅವಳು ಆ ಅಂಜಿಕೆಯನ್ನು ಹೊತ್ತೇ ಶಾಲೆಗೆ ಹೋಗುವಳು; ಮುಂದೆ ಕುಳಿತ ಹೆಣ್ಣುಮಕ್ಕಳು ಪಾಠಕ್ಕಿಂತ ಮೊದಲು ಅದನ್ನೇ ಕಲಿಯುವರು. ಹೆಣ್ಣಿಗೂ ಗಂಡಿಗೂ ಒಂದೇ ಲಿಂಗದೀಕ್ಷೆಯನ್ನಿತ್ತ, ಗಂಡನು ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನು ಹಿಂದಿರುಗಿಸಿದ ಪರಂಪರೆಯಲ್ಲಿ ಈ ರೂಢಿಗೆ ಎಡೆಯಿರಬಾರದು.

ನಾಗಮಂಗಲದ ಸೌಮ್ಯಕೇಶವ ದೇವಾಲಯದ ಜಗತಿಯು ನಕ್ಷತ್ರಾಕಾರದ್ದು. ಮುಂದಣ ಉಪಾಧ್ಯಾಯರನ್ನೂ ಉಪಾಧ್ಯಾಯಿನಿಯರನ್ನೂ ಒಮ್ಮೆ ಅಲ್ಲಿಗೆ ಕರೆದೊಯ್ದು ಅದನ್ನು ತೋರಿಸಲಿ. ಹಿಂದಿರುಗಿದ ಮೇಲೆ, ಅವರಲ್ಲಿ ಒಬ್ಬಳ ಕೈಗೆ ರಂಗವಲ್ಲಿಯ ಪುಡಿಯನ್ನು ಕೊಟ್ಟು, ಒಂದೇ ಕೇಂದ್ರದ ಮೇಲೆ ಎರಡು ಸಮನಾದ ಚೌಕಗಳನ್ನು, ಒಂದಕ್ಕಿಂತ ಮತ್ತೊಂದನ್ನು ಅರ್ಧ ಲಂಬಕೋನದಷ್ಟು ತಿರುಗಿಸಿ, ಬರೆಯಹೇಳಲಿ. ಎಂಟು ಮೊನೆಗಳ ನಕ್ಷತ್ರವು ಮೂಡುವುದು. ಆ ಮೊನೆಗಳೆಲ್ಲವೂ ಸಮನಾಗಿರುವುದೇಕೆಂದು ಆಗ ಅವಳನ್ನೇ ಕೇಳಲಿ; ಉತ್ತರ ಬರುವವರೆಗೆ ಪಕ್ಕದವರು ಸುಮ್ಮನಿರಲಿ.