ಕೆರೆಯ ನಡುವಿನ ಬೆಂಕಿ



ಜಯನಗರ, ಬನಶಂಕರಿ, ಜೆ.ಪಿ. ನಗರದ ಎಷ್ಟೋ ಮನೆಗಳ ಮಕ್ಕಳು ಇಂದು ದೇಶಾಂತರಗಳಲ್ಲಿ ಉದ್ಯೋಗದಲ್ಲಿದ್ದಾರೆ. ರಜೆ ಬಂದರೆ ತಂದೆತಾಯಿಗಳನ್ನು ಕರೆಸಿಕೊಂಡು ಅಲ್ಲಿಯ ಅದ್ಭುತಗಳನ್ನು ತೋರಿಸುತ್ತಾರೆ. ಸಂತೋಷ. ಆದರೆ ಫಿಲಿಪೈನ್ಸಿನ ತಾಲ್ ಎಂಬ ಅಗ್ನಿಪರ್ವತದ ವಿಷಯದಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಮನಿಲಾ ನಗರದ ದಕ್ಷಿಣಕ್ಕೆ ಸುಮಾರು 234 ಚದರ ಕಿಲೋಮೀಟರಿನ ಸರೋವರವಿದೆ. ಅದರ ನಡುವೆ ಒಂದು ದ್ವೀಪ. ಆ ದ್ವೀಪವೇ ಜ್ವಾಲಾಮುಖಿ. ಎತ್ತರ ಕೇವಲ 311 ಮೀಟರು. ಮುಂಜಾನೆ ಲಾಲ್‌ಬಾಗಿನ ಬಂಡೆಯ ಮೇಲೆ ನಡೆದಾಡುವ ನಮಗೆ ನೆಲವೆಂದರೆ ಗಟ್ಟಿ ಎಂಬ ನಂಬಿಕೆ. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಎಂದೋ ಆರಿ ತಣ್ಣಗಾದದ್ದು. ತಾಲ್ ಇನ್ನೂ ಆರಿಲ್ಲ.

ಸುತ್ತ ನೀರಿದೆಯಲ್ಲ, ಬೆಂಕಿಗೆ ನೀರೇ ಕಾವಲಲ್ಲವೆ? ಕಾದ ಎಣ್ಣೆಗೆ ಹನಿ ನೀರು ಬಿದ್ದರೆ ಏನಾಗುವುದೆಂದು ತಾಯಂದಿರಿಗೆ ಗೊತ್ತು. ನೆಲದೊಳಗಿನ ಶಿಲಾರಸಕ್ಕೆ ನೀರು ತಗುಲಿದರೂ ಹಾಗೆಯೇ. ಕ್ಷಣಮಾತ್ರದಲ್ಲಿ ಆವಿಯಾಗಿ ಸಿಡಿಯುತ್ತದೆ. 1911ರ ಸ್ಫೋಟದಲ್ಲಿ 1,300ಕ್ಕೂ ಹೆಚ್ಚು ಜನ ಮಡಿದರು. 1965ರಲ್ಲಿ ಬಿಸಿ ಆವಿ ಬೂದಿಗಳ ಮೋಡ ಮೇಲಕ್ಕೆ ಮಾತ್ರ ಏಳಲಿಲ್ಲ, ನೆಲವನ್ನು ಸವರಿಕೊಂಡು ಸುತ್ತಲೂ ಹರಡಿತು. ಅದರ ಮುಂದೆ ಓಡಿ ಗೆಲ್ಲುವವರು ಯಾರು?

2020ರ ಜನವರಿ 12ರಂದು ಮತ್ತೆ ಸಿಡಿಯಿತು. ಬೂದಿ ಮನಿಲಾದವರೆಗೆ ಬಿದ್ದು ವಿಮಾನಗಳು ನಿಂತವು. ಪರ್ವತದ ಬಾಯೊಳಗಿದ್ದ ಕೊಳವೇ ಬತ್ತಿಹೋಯಿತು. ಯಾತ್ರಿಕರನ್ನು ಕುದುರೆಯ ಮೇಲೆ ಹತ್ತಿಸಿ ಬದುಕುತ್ತಿದ್ದ ದ್ವೀಪದ ಜನ ಉಟ್ಟ ಬಟ್ಟೆಯಲ್ಲಿ ದಡ ಸೇರಿದರು. ಕೆಲವರು ಬಿಟ್ಟುಬಂದ ಕುದುರೆಗಳಿಗಾಗಿ ಬೂದಿಯ ನಡುವೆಯೇ ಮತ್ತೆ ದೋಣಿ ಹತ್ತಿದರು. ಆ ಕುದುರೆಯೇ ಅವರ ಅನ್ನ. ಅವರನ್ನು ಹುಂಬರೆಂದು ಜರೆಯಲು ನಮಗೆ ನಾಲಿಗೆ ಬಾರದು.

ನೋಡಲು ಹೋಗುವವರ ಮಾತು ಬೇರೆ. “ಎಲ್ಲರೂ ಹೋಗುತ್ತಾರೆ, ದೋಣಿಯವನು ಸಿದ್ಧನಿದ್ದಾನೆ” ಎನ್ನುವರು. ದೋಣಿಯವನನ್ನು ಸಿದ್ಧಗೊಳಿಸುವುದು ಅವನ ಹಸಿವು. ಅದು ಕ್ಷೇಮಕ್ಕೆ ಸಾಕ್ಷಿಯಲ್ಲ. 2019ರ ಡಿಸೆಂಬರ್ 9ರಂದು ನ್ಯೂಜಿಲೆಂಡಿನ ವೈಟ್ ಐಲೆಂಡ್ ಎಂಬ ಅಗ್ನಿದ್ವೀಪ ಸಿಡಿದಾಗ ಅಲ್ಲಿದ್ದವರು 47 ಮಂದಿ, ತೀರಿಹೋದವರು 22. ಅವರೂ ಒಂದು ದಿನದ ಪ್ರವಾಸಕ್ಕೆಂದೇ ಹೋಗಿದ್ದರು.

ತಾಲ್ ದ್ವೀಪವನ್ನಿಡೀ ಅಲ್ಲಿಯ ಜ್ವಾಲಾಮುಖಿ ಸಂಸ್ಥೆ ಶಾಶ್ವತ ಅಪಾಯ ವಲಯವೆಂದು ಸಾರಿದೆ. ಸರೋವರದ ಮೇಲಿನ ದಿಣ್ಣೆಯಲ್ಲಿ ಟಾಗಾಯ್ಟಾಯ್ ಎಂಬ ಊರಿದೆ. ಅಲ್ಲಿಂದ ದ್ವೀಪ ಚೆನ್ನಾಗಿ ಕಾಣುತ್ತದೆ. ಅಲ್ಲಿಯೇ ನಿಂತು ಕಣ್ತುಂಬ ನೋಡಿರಿ. ಹೊರಡುವ ಮುನ್ನ ಆ ದಿನ ಸಂಸ್ಥೆ ಕೊಟ್ಟಿರುವ ಎಚ್ಚರಿಕೆ ಎಷ್ಟನೆಯ ಮಟ್ಟದ್ದೆಂದು ಮಕ್ಕಳಿಂದ ಓದಿಸಿ ಕೇಳಿರಿ.