ವಿಪತ್ತಿನ ತರುವಾಯ ಮೊದಲ ಪ್ರಶ್ನೆ



ವಿವಾದಾಂಶಗಳನ್ನು ಗೊತ್ತುಪಡಿಸದೆ ನ್ಯಾಯಾಲಯವು ಸಾಕ್ಷ್ಯಕ್ಕೆ ಕೈಹಾಕದು. ವಿಪತ್ತು ಬಂದೆರಗಿದಾಗ ಮಾತ್ರ ನಾವು ಈ ಕ್ರಮವನ್ನು ಮರೆಯುತ್ತೇವೆ. 1993ನೆಯ ಇಸವಿಯ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಣ ಹಳ್ಳಿಗಳು ನೆಲಸಮವಾದವು. ಮಣ್ಣಿನಲ್ಲಿ ಕಟ್ಟಿದ್ದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆಯೇ ಉರುಳಿ ಸಾವಿರಾರು ಜನರು ಮಡಿದರು. ಬೇಕಾದುದು ಮನೆಯೆಂದು ನಿಶ್ಚಯವಾಯಿತು. 52 ಹಳ್ಳಿಗಳು ಹೊಸ ನೆಲೆಗೆ ಸಾಗಿದವು. ಕಲ್ಲಿಗೆ ಹೆದರಿದ ಜನರೂ ಅದನ್ನೇ ಬೇಡಿದರೆಂಬುದು ನಿಜ. ಮನೆಗಳೇನೋ ಗಟ್ಟಿಯಾಗಿ, ಪಟ್ಟಣದ ಬೀದಿಗಳಂತೆ ಸಾಲುಗಟ್ಟಿದವು. ಎತ್ತುಗಳನ್ನು ಕಟ್ಟುವುದೆಲ್ಲಿ? ಹೊಲಕ್ಕೆ ದೂರವೆಷ್ಟು? ನೆರೆಯವರಾರು? ಅನೇಕ ನೆಲೆಗಳಲ್ಲಿ ಈ ಪ್ರಶ್ನೆಗಳು ನಕ್ಷೆ ಮುಗಿದ ಮೇಲೆ ಎದ್ದವು.

2019ರಂತೆ ಕೃಷ್ಣೆ ಮಲಪ್ರಭೆಗಳು ಮತ್ತೊಮ್ಮೆ ಉಕ್ಕಿದರೆ, ನಮ್ಮ ಸ್ವಯಂಸೇವಕರು ಕಂಬಳಿಗಳೊಡನೆ ಬರಿಯ ಕಾಗದವನ್ನೂ ಒಯ್ಯಲಿ. ಚಾವಡಿಯ ಹಿರಿಯರ ಹೇಳಿಕೆಯ ಜೊತೆಗೆ ಊರಂಚಿನ ವಿಧವೆಯ, ಕೂಲಿಯವನ ಹೇಳಿಕೆಯನ್ನೂ ಬರೆದುಕೊಳ್ಳಲಿ.